ಕಾರವಾರದಲ್ಲಿ ಸಿಕ್ಕಿರುವ 2022ರ ಹೈರೈಡರ್ ಹೈಬ್ರಿಡ್: ಬ್ಯಾಟರಿ ಹೇಗೆ ಪರೀಕ್ಷಿಸುವುದು?

ಕಾರವಾರದಲ್ಲಿ ಸಿಕ್ಕಿರುವ ಸೆಕೆಂಡ್ ಹ್ಯಾಂಡ್ ಟೊಯೊಟಾ ಹೈರೈಡರ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಕಾರು) ಕೊಳ್ಳುವ ಮುನ್ನ ಬ್ಯಾಟರಿ ಪರೀಕ್ಷಿಸುವುದು ಹೇಗೆಂದು ಶಿರಸಿಯಿಂದ ಕೇಳಿದ್ದೀರಿ, ಹಾಗಾಗಿ ಮೊದಲ ಸಲಹೆ: ಪೇಟೆಯಲ್ಲಿ ಒಂದು ಸುತ್ತು ಹೊಡೆದು ನಿರ್ಧರಿಸಬೇಡಿ, ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟ ಹತ್ತಿಸಿ ನೋಡಿ. ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ನ ಮಾಹಿತಿ ಓದುವ ಸಾಧನ) ಇರುವ ಮೆಕ್ಯಾನಿಕ್ ಜೊತೆಗಿರಲಿ. ಏರಿನಲ್ಲಿ ಬ್ಯಾಟರಿಯ ಒಂದು ಭಾಗದ ವೋಲ್ಟೇಜ್ ಮಾತ್ರ ಉಳಿದವಕ್ಕಿಂತ ಬೇಗ ಕುಸಿದರೆ ಆ ಗಾಡಿ ಬೇಡ. ಇಳಿಯುವಾಗ ಚಾರ್ಜ್ ಏರಬೇಕು. ಸರ್ರನೆ ತುಂಬಿ, ಸಮತಟ್ಟಿನಲ್ಲಿ ಅಷ್ಟೇ ಬೇಗ ಖಾಲಿಯಾದರೆ ಸೆಲ್‌ಗಳ ಸಾಮರ್ಥ್ಯ ಕುಗ್ಗಿರಬಹುದು.

ಕರಾವಳಿಯ ಗಾಡಿಗೆ ಉಪ್ಪುಗಾಳಿಯ ಪೆಟ್ಟು ಇದ್ದೇ ಇರುತ್ತದೆ. ಲಿಫ್ಟ್ ಮೇಲೆ ಎತ್ತಿಸಿ, ಕೆಳಗಿನ ಕಿತ್ತಳೆ ಬಣ್ಣದ ಕೇಬಲ್‌ಗಳ ಕ್ಲಿಪ್, ಬ್ರ್ಯಾಕೆಟ್, ಬೋಲ್ಟುಗಳಲ್ಲಿ ತುಕ್ಕಿದೆಯೇ ನೋಡಿ. ಕೇಬಲ್ ಮಾತ್ರ ಮುಟ್ಟಬೇಡಿ, ಅದರಲ್ಲಿ ಹೈ ವೋಲ್ಟೇಜ್ ಇರುತ್ತದೆ. ಡಿಕ್ಕಿಯ ಮ್ಯಾಟ್ ಎತ್ತಿ ಕೆಸರು, ಮುಗ್ಗಲು ವಾಸನೆ ಹುಡುಕಿ. ನೆರೆನೀರು ಒಳಹೊಕ್ಕ ಹೈಬ್ರಿಡ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ, ಕನೆಕ್ಟರ್‌ಗಳು ತಿಂಗಳುಗಳ ನಂತರ ಕೈಕೊಡುತ್ತವೆ.

ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ, ಯಾವುದು ಮೊದಲೋ ಅದು. ಚಾಸಿಸ್ ನಂಬರ್ ಕೊಟ್ಟು ಟೊಯೊಟಾ ಸರ್ವೀಸ್ ಸೆಂಟರ್‌ನಲ್ಲಿ ಇತಿಹಾಸ ತೆಗೆಸಿ, ಹೊರಗಡೆ ವೈರಿಂಗ್ ಕತ್ತರಿಸಿ ಲೈಟು, ಆಂಪ್ಲಿಫೈಯರ್ ಹಾಕಿಸಿದ್ದರೆ ವಾರಂಟಿಗೆ ತೊಂದರೆಯೇ ಎಂದೂ ಅಲ್ಲೇ ಕೇಳಿ. ಮುಂಗಡ ಕೊಡುವುದು ಅದಾದ ಮೇಲೆ.