ನಿಮ್ಮ ಹೆಸರು ಎಲ್ಲಿ, ತಂಗೀ?

ಸಂಪಾದಕರೇ, ನಾನು ಐದು ವರ್ಷ ಗ್ರಾಮ ಪಂಚಾಯಿತಿ ಮೆಂಬರಾಗಿದ್ದೆ. ಈಗ ತಾಲೂಕು ಪಂಚಾಯಿತಿಗೆ ನಿಲ್ಲೋ ಆಸೆ. ನಮ್ಮ ಸೀಟು ಜನರಲ್ ಆಗುತ್ತೆ ಅಂತಿದ್ದಾರೆ. ‘ಲೇಡೀಸ್ ಸೀಟು ಬಂದಾಗ ನೋಡೋಣ, ಜನರಲ್ ಸೀಟಲ್ಲಿ ಹೆಂಗಸಿಗೆ ಜನ ಓಟು ಹಾಕಲ್ಲ’ ಅಂತಾರೆ ಪಕ್ಷದವರು. ಅವರು ಹೇಳೋದೂ ಸರಿ ಇರಬಹುದು ಅನ್ಸುತ್ತೆ. ನೀವೇನಂತೀರಿ?
— (ಗಂಡನ ಹೆಸರು) ಅವರ ಪತ್ನಿ, ತಿಪಟೂರು ತಾಲೂಕು

ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಕಣ್ಣು ಸಹಿಯ ಮೇಲೆ ನಿಂತುಬಿಟ್ಟಿತು. ಐದು ವರ್ಷ ಮೆಂಬರಾಗಿದ್ದವರು ನೀವು. ಸಹಿ ಮಾತ್ರ ಗಂಡನ ಹೆಸರಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಪಕ್ಷದವರ ಕಷ್ಟ ನನಗೆ ಗೊತ್ತು. ಚುನಾವಣೆ ಅಂದರೆ ದುಡ್ಡು, ಜಾತಿ ಲೆಕ್ಕ, ಬೂತಿನಲ್ಲಿ ಕೂರೋ ಹುಡುಗರು. ಬಿ ಫಾರಂ ಕೊಡುವವರು ಗೆಲ್ಲೋ ಕುದುರೆ ಹುಡುಕುತ್ತಾರೆ, ಒಪ್ಪೋಣ. ಆದರೆ ಹೆಂಗಸಿಗೆ ಜನ ಓಟು ಹಾಕಲ್ಲ ಅಂತ ಇವರಿಗೆ ಹೇಳಿದವರು ಯಾರು? ಗುಂಡ್ಲುಪೇಟೆಯ ಜನ ಕೆ.ಎಸ್. ನಾಗರತ್ನಮ್ಮನವರನ್ನು ಏಳು ಸಲ ವಿಧಾನಸಭೆಗೆ ಕಳಿಸಿದರು. ಮೀಸಲು ಸೀಟಿನಿಂದಲ್ಲ. 1972ರಲ್ಲಿ ಅವರು ನಮ್ಮ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಒಂದು ಕಾಲಕ್ಕೆ ‘ಮೂಕ ಗೊಂಬೆ’ ಅನ್ನಿಸಿಕೊಂಡಿದ್ದ ಇಂದಿರಾ ಗಾಂಧಿ 1978ರಲ್ಲಿ ಚಿಕ್ಕಮಗಳೂರಿಗೆ ಬಂದು ನಿಂತರು. ಎದುರಿಗಿದ್ದವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಗೆಲ್ಲಿಸಿದ್ದು ಮಲೆನಾಡಿನ ಮತದಾರರೇ ಅಲ್ವಾ?

ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಅರ್ಥಶಾಸ್ತ್ರಜ್ಞರು ಮಾಡಿದ ಒಂದು ಅಧ್ಯಯನವನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಪಂಚಾಯಿತಿ ಮುಖ್ಯಸ್ಥರ ಒಂದು ಭಾಷಣ. ಅದನ್ನೇ ಅಕ್ಷರ ಬದಲಿಸದೆ ಕೆಲವರಿಗೆ ಗಂಡು ದನಿಯಲ್ಲಿ ಕೇಳಿಸಿದರು, ಕೆಲವರಿಗೆ ಹೆಣ್ಣು ದನಿಯಲ್ಲಿ. ಮಹಿಳಾ ಮುಖ್ಯಸ್ಥರನ್ನು ಕಂಡೇ ಇಲ್ಲದ ಊರುಗಳಲ್ಲಿ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಒಮ್ಮೆ ಹೆಂಗಸಿನ ಆಡಳಿತ ಕಂಡಿದ್ದ ಊರುಗಳಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲವೇ ಆಗಿತ್ತು. ಎರಡು ಸಲ ಮೀಸಲಾಗಿದ್ದ ಕಡೆ, ಆಮೇಲೆ ಸೀಟು ಜನರಲ್ ಆದಾಗಲೂ ಜಾಸ್ತಿ ಹೆಂಗಸರು ಗೆದ್ದರು. ನಿಮ್ಮ ಊರಿನವರು ನಿಮ್ಮನ್ನು ಐದು ವರ್ಷ ಕಂಡಿದ್ದಾರೆ. ಹಾಗಿದ್ದೂ ‘ಸರಿ ಇರಬಹುದು’ ಅಂತ ಬರೆದಿರಲ್ಲ, ಅದಕ್ಕೇ ನನಗೆ ಬೇಜಾರು.

ನಾನೂ ಒಂದು ತಪ್ಪು ಮಾಡಿದ್ದೇನೆ. 1987ರಲ್ಲಿ ಮಂಡಲ ಪಂಚಾಯಿತಿಗೆ ಚುನಾವಣೆ ಆಯಿತು. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲ, ಹೆಂಗಸರಿಗೆ ನೂರಕ್ಕೆ 25 ಸೀಟು. ಆಗಷ್ಟೇ ವರದಿಗಾರನಾಗಿದ್ದ ನಾನು ಗೆದ್ದವರೊಬ್ಬರ ಮನೆಗೆ ಹೋದೆ. ಕುರ್ಚಿಯಲ್ಲಿ ಗಂಡ ಕೂತಿದ್ದ, ಮಾತೆಲ್ಲ ಅವನದೇ. ಇಂಥ ಗಂಡಂದಿರು ಇವತ್ತಿಗೂ ಇದ್ದಾರೆ, ಇಲ್ಲ ಅನ್ನಲ್ಲ. ಆಕೆ ಮೊರದಲ್ಲಿ ಹುರುಳಿಕಾಳು ಆರಿಸುತ್ತಿದ್ದರು. ನಾನು ಕೇಳಿದ ಮೊದಲ ಪ್ರಶ್ನೆ: ‘ಮೀಟಿಂಗಿಗೆ ಹೋದ್ರೆ ಮನೆ ಯಾರು ನೋಡ್ಕೋತಾರಮ್ಮಾ?’ ಆಕೆ ಉತ್ತರ ಕೊಡಲಿಲ್ಲ. ಕಾಳನ್ನೆಲ್ಲ ಮೊರದ ಒಂದು ಕಡೆಗೆ ಸರಿಸಿದರು. ಖಾಲಿ ಜಾಗದಲ್ಲಿ ಬೆರಳಿನಿಂದ ಊರಿನ ಬೀದಿಗಳನ್ನು ತೋರಿಸಿದರು. ನೀರು ಬರೋ ಬೋರಿಗೆ ಒಂದು ಕಾಳು, ಕೆಟ್ಟು ನಿಂತ ಬೋರಿಗೆ ಒಂದು ಕಲ್ಲು. ನಾಲ್ಕು ಕಾಳು, ಏಳು ಕಲ್ಲು. ‘ಮೊದ್ಲು ಈ ಕಲ್ಲು ಬರ್ಕೊಳ್ಳಿ’ ಅಂದರು. ಗಂಡ ಸುಮ್ಮನಾದ.

ಆವತ್ತಿನಿಂದ ನನ್ನದೊಂದೇ ಹಟ. ಗಂಡಸಿಗೆ ಕೇಳದ ಪ್ರಶ್ನೆಯನ್ನು ಹೆಂಗಸಿಗೂ ಕೇಳಬಾರದು. ನಮ್ಮ ಪತ್ರಿಕೆಯಲ್ಲಿ ಮಹಿಳಾ ಅಭ್ಯರ್ಥಿಯ ಸೀರೆ ಬಣ್ಣ, ಮಕ್ಕಳ ವಯಸ್ಸು ಅಚ್ಚಾಗುವುದಿಲ್ಲ. ಜೋರಾಗಿ ಮಾತಾಡಿದರೆ ‘ಬಜಾರಿ’, ಮೆಲ್ಲಗೆ ಮಾತಾಡಿದರೆ ‘ಇವಳಿಂದ ಏನಾಗುತ್ತೆ’. ಗಂಡಸು ಕೂಗಿದರೆ ಮಾತ್ರ ‘ಖಡಕ್ ನಾಯಕ’. 2024ರಲ್ಲಿ ದಾವಣಗೆರೆಯ ಲೋಕಸಭಾ ಚುನಾವಣೆಯಲ್ಲಿ ಹಿರಿಯ ನಾಯಕರೊಬ್ಬರು ಎದುರಾಳಿ ಪಕ್ಷದ ಅಭ್ಯರ್ಥಿಯನ್ನು ಅಡುಗೆ ಮಾಡೋಕಷ್ಟೇ ಲಾಯಕ್ಕು ಅಂದರು. ಅವರ ಸ್ವಂತ ಪಕ್ಷದಿಂದ ನಿಂತಿದ್ದು ಅವರ ಮನೆಯ ಸೊಸೆ! ನಮ್ಮ ಮನೆಯವಳಾದರೆ ನಾಯಕಿ, ಬೇರೆಯವರ ಮನೆಯವಳಾದರೆ ಒಲೆ ಮುಂದೆ. ಹೀಗೆ ಟಿಕೆಟ್ ಹಂಚಿದರೆ ನಿಮ್ಮಂಥವರಿಗೆ ಜಾಗ ಎಲ್ಲಿ ಸಿಗಬೇಕು? 2023ರಲ್ಲಿ 224 ಶಾಸಕರಲ್ಲಿ ಗೆದ್ದ ಹೆಂಗಸರು ಬರೀ 10. ಸಂಸತ್ತಿನಲ್ಲಿ ಮಹಿಳಾ ಮೀಸಲು ಮಸೂದೆಯನ್ನು 1996ರಲ್ಲಿ ಮಂಡಿಸಿದ್ದು ನಮ್ಮವರೇ ಆದ ದೇವೇಗೌಡರ ಸರ್ಕಾರ. ಕಾನೂನಾಗಲು 2023 ಬಂತು. ನೀವು ನಿಲ್ಲಬೇಕೆಂದಿರುವ ತಾಲೂಕು ಪಂಚಾಯಿತಿಯದಂತೂ ಹೇಳೋ ಹಾಗಿಲ್ಲ. 2016ರಲ್ಲಿ ಚುನಾವಣೆ ಆಯಿತು, 2021ಕ್ಕೆ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಅಲ್ಲಿ ಅರ್ಧ ಸೀಟು ಹೆಂಗಸರದು. ಆ ಕುರ್ಚಿಗಳು ಖಾಲಿ ಬಿದ್ದಿದ್ದಕ್ಕೆ ಯಾವ ನಾಯಕರು ಬೀದಿಗೆ ಇಳಿದರು?

ಈಗ ಸಹಿಯ ವಿಷಯ. ದೇಶದ ಮೊದಲ ಸಾರ್ವತ್ರಿಕ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತಲೇ ಬರೆಸಿದರು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಸ್ವಂತ ಹೆಸರು ಬೇಕೇ ಬೇಕು ಅಂತ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದಲೇ ಹೊರಗುಳಿದರು.

ಈ ಪತ್ರವನ್ನು ಇನ್ನೊಮ್ಮೆ ಕಳಿಸಿ ತಂಗೀ. ಕೆಳಗೆ ನಿಮ್ಮ ಹೆಸರು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ನಾಳೆ ನಾಮಪತ್ರದಲ್ಲಿ ಹೇಗೂ ಆ ಹೆಸರನ್ನೇ ಬರೆಯಬೇಕಲ್ವಾ?