ಕಂಪ್ಯೂಟರ್ ಪ್ರಶ್ನೋತ್ತರ: ಎರಡು ಅಟ್ಟೆ ಮೂರು ಚೆಂಡು ಮಾರ್ಚ್ 2 ಆದದ್ದು ಹೇಗೆ?

ಪ್ರಶ್ನೆ: ನಮ್ಮದು ಶಂಕರಪುರ. ಅಪ್ಪ ಸುತ್ತಲಿನ ಮನೆಗಳಿಂದ ಮಲ್ಲಿಗೆ ತಗೊಂಡು ಕಟ್ಟೆಗೆ (ಹೂವಿನ ಸಗಟು ವ್ಯಾಪಾರದ ಜಾಗಕ್ಕೆ) ಕೊಡುತ್ತಾರೆ. ಲೆಕ್ಕ ನಾನು ಎಕ್ಸೆಲ್‌ನಲ್ಲಿ ಬರೆಯುತ್ತೇನೆ, ತಿಂಗಳಿಗೊಂದು ಶೀಟ್. ರಿಪೋರ್ಟ್ ಸಾಫ್ಟ್‌ವೇರ್‌ಗೆ ಜೋಡಿಸಿ ಪ್ರತಿ ಮನೆಗೂ ಬಿಲ್ ತೆಗೆಯೋಣ ಅಂದರೆ ಏನೂ ತಾಳೆಯಾಗುತ್ತಿಲ್ಲ. ಹೋದ ವರ್ಷ, 2025ರಲ್ಲಿ, 2-3 ಅಂತ ಬರೆದದ್ದು 02-ಮಾರ್ಚ್ ಆಗಿದೆ. ನಂಬರ್ ಮಾಡಿದರೆ 45718 ಅನ್ನುತ್ತದೆ. ದರ ಗೊತ್ತಾಗದ ದಿನ "ನಿನ್ನೆಯದೇ" ಅಂತ ಬರೆದಿದ್ದೆ, ಅಲ್ಲಿ ಬಿಲ್‌ನಲ್ಲಿ ಖಾಲಿ ಬರುತ್ತದೆ. ಸಾಫ್ಟ್‌ವೇರ್ ಸರಿ ಇಲ್ವಾ?
– ಓದುಗರೊಬ್ಬರು, ಶಂಕರಪುರ

ಉತ್ತರ: ಸಾಫ್ಟ್‌ವೇರ್ ಸರಿಯೇ ಇದೆ. ನಿಮ್ಮ ಶೀಟ್ ಮನುಷ್ಯರು ಓದುವ ಹಾಗಿದೆ, ಅದಕ್ಕೆ ಬೇಕಾದ ಹಾಗಿಲ್ಲ.

2-3 ನೋಡಿದರೆ ನಿಮಗೆ, ಅಪ್ಪನಿಗೆ, ಹೂ ಕಟ್ಟುವವರಿಗೆ ಎರಡು ಅಟ್ಟೆ ಮೂರು ಚೆಂಡು (ಎರಡೂ ಮಲ್ಲಿಗೆಯ ಅಳತೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ). ಎಕ್ಸೆಲ್‌ಗೆ ಅದು ತಾರೀಕು. ಎಕ್ಸೆಲ್ ತಾರೀಕನ್ನು ಒಳಗೆ ದಿನಗಳ ಲೆಕ್ಕವಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಅಂದರೆ 1. ಎಕ್ಸೆಲ್‌ನ ಈ ಎಣಿಕೆಯಲ್ಲಿ 2025ರ ಮಾರ್ಚ್ 2ಕ್ಕೆ 45718. ಅದನ್ನೇ ಅಟ್ಟೆ ಅಂತ ಕೂಡಿಸಿದರೆ ಬಿಲ್ ಏನಾದೀತು?

ಆದರೆ ಹಳೆಯ ಲೆಕ್ಕ ಹಾಳಾಗಿಲ್ಲ, ಧೈರ್ಯವಾಗಿರಿ. ನಿಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ ಕೂತಿದೆ. ಅಂದರೆ ದಿನವೇ ಅಟ್ಟೆ, ತಿಂಗಳೇ ಚೆಂಡು. ಪಕ್ಕದ ಕಾಲಂನಲ್ಲಿ ಡೇ ಫಂಕ್ಷನ್‌ನಿಂದ ದಿನ ತೆಗೆದು 4ರಿಂದ ಗುಣಿಸಿ, ಮಂತ್ ಫಂಕ್ಷನ್‌ನಿಂದ ತಿಂಗಳು ತೆಗೆದು ಕೂಡಿಸಿ. 2-3 ಇದ್ದದ್ದು 11 ಚೆಂಡು ಆಗುತ್ತದೆ. ಬರೀ 3 ಅಂತ ಬರೆದ ಸೆಲ್‌ಗಳಿಗೆ ಈ ಸೂತ್ರ ಹಾಕಬೇಡಿ, ಅವನ್ನು ಕೈಯಲ್ಲೇ ನೋಡಿ. ಇನ್ನು ಮುಂದೆ ಎಲ್ಲವನ್ನೂ ಚೆಂಡಿನಲ್ಲೇ ಬರೆಯಿರಿ. ನಾಲ್ಕು ಚೆಂಡಿಗೆ ಒಂದು ಅಟ್ಟೆ ಅನ್ನುವುದು ಬದಲಾಗುವುದಿಲ್ಲ ಅಲ್ವಾ?

ಈಗ ಆ ಖಾಲಿ ಜಾಗದ ವಿಷಯ. ನನಗೆ ಜಾಸ್ತಿ ಭಯ ಇದರದ್ದೇ. ವಿಂಡೋಸ್‌ನ ಎಕ್ಸೆಲ್ ಡ್ರೈವರ್ (ಎಕ್ಸೆಲ್ ಫೈಲನ್ನು ಬೇರೆ ಸಾಫ್ಟ್‌ವೇರ್‌ಗೆ ಓದಿಕೊಡುವ ಪ್ರೋಗ್ರಾಂ) ಮೂಲಕ ಫೈಲ್ ಓದುವ ಸಾಫ್ಟ್‌ವೇರ್‌ಗಳಲ್ಲಿ, ಆ ಡ್ರೈವರ್ ಸಾಮಾನ್ಯವಾಗಿ ಮೊದಲ 8 ಸಾಲು ನೋಡಿ ಇದು ಅಂಕಿಯ ಕಾಲಂ, ಇದು ಅಕ್ಷರದ ಕಾಲಂ ಅಂತ ತೀರ್ಮಾನ ಮಾಡಿಬಿಡುತ್ತದೆ. ಆಮೇಲೆ ಅಂಕಿಯ ಕಾಲಂನಲ್ಲಿ ಅಕ್ಷರ ಸಿಕ್ಕಿದರೆ ಖಾಲಿ ಬಿಡುತ್ತದೆ. ತಪ್ಪಾಗಿದೆ ಅಂತ ಒಂದು ಮಾತೂ ಹೇಳುವುದಿಲ್ಲ.

ವರ್ಷಗಳ ಹಿಂದೆ ಉಡುಪಿ ಕಡೆಯ ಒಂದು ಹಾಲಿನ ಸೊಸೈಟಿಗೆ ನಾನು ಬಿಲ್ ತಯಾರು ಮಾಡಿಕೊಡುತ್ತಿದ್ದೆ. ಸದಸ್ಯರ ನಂಬರ್ 1, 2, 3 ಅಂತ ಇತ್ತು. ಒಂದು ಮನೆ ಪಾಲಾದಾಗ ಅಣ್ಣನಿಗೆ 12, ತಮ್ಮನಿಗೆ 12ಎ ಕೊಟ್ಟರು. ಆ ತಿಂಗಳು 12ಎಯ ಬಿಲ್ಲೇ ಬರಲಿಲ್ಲ. ಆ ಮನೆಯ ಅಜ್ಜಿ ಹಾಲಿನ ಕಾರ್ಡು ಹಿಡಿದುಕೊಂಡು ಬಂದರು. ದಿನಕ್ಕೆರಡು ಹೊತ್ತು ಅಳೆದ ಹಾಲು, ಒಂದೂ ತಪ್ಪದೆ ಬರೆದಿತ್ತು. "ನನ್ನ ಹಾಲು ಎಲ್ಲಿ ಹೋಯ್ತು ಮಾರಾಯ್ರೆ?" ಅಂದರು. ಕಾರ್ಡಿನ ಅಂಚು ಮಳೆಗೆ ನೆನೆದು ಮೆತ್ತಗಾಗಿತ್ತು. ಅವತ್ತಿನಿಂದ ನಾನು ಸದಸ್ಯರ ನಂಬರ್‌ನ ಮುಂದೆ ಒಂದು ಅಕ್ಷರ ಸೇರಿಸದೆ ಬಿಡುವುದಿಲ್ಲ. ಎಲ್ಲವೂ ಅಕ್ಷರದಿಂದ ಶುರುವಾದರೆ ಡ್ರೈವರ್‌ಗೆ ಅನುಮಾನವೇ ಬರುವುದಿಲ್ಲ. ನೀವೂ ಮನೆಗಳಿಗೆ ಹಾಗೇ ನಂಬರ್ ಕೊಡಿ. ಗಿರಿಜಕ್ಕ, ಗಿರಿಜಾ, ಗಿರಿಜಾ ಶಂಕರಪುರ ಅಂತ ಒಬ್ಬರನ್ನೇ ಮೂರು ಥರ ಬರೆದರೆ ಮೂರು ಬಿಲ್ ಬರುತ್ತದೆ.

ದರವನ್ನು ಬೇರೆ ಶೀಟಿಗೆ ಹಾಕಿ: ತಾರೀಕು, ದರ, ಎರಡೇ ಕಾಲಂ. "ನಿನ್ನೆಯದೇ" ಆಗಿದ್ದರೆ ನಿನ್ನೆಯ ಅಂಕಿಯನ್ನೇ ಬರೆಯಿರಿ. ಖರೀದಿ ಶೀಟಿನಲ್ಲಿ ತಾರೀಕು, ಮನೆ ನಂಬರ್, ಚೆಂಡು ಇದ್ದರೆ ಸಾಕು. ಸಾಫ್ಟ್‌ವೇರ್ ತಾರೀಕು ನೋಡಿ ಎರಡನ್ನೂ ಜೋಡಿಸುತ್ತದೆ. ಅಟ್ಟೆಗೆ 840 ರೂಪಾಯಿ ಇದ್ದ ದಿನ ಚೆಂಡಿಗೆ 210, 11 ಚೆಂಡಿಗೆ 2,310.

ಹನ್ನೆರಡು ಶೀಟ್ ಬೇಡ, ಒಂದೇ ಉದ್ದದ ಶೀಟ್ ಮಾಡಿ. ಈಗಿನ ಎಕ್ಸೆಲ್ ಒಂದು ಶೀಟಿನಲ್ಲಿ 10,48,576 ಸಾಲು ಹಿಡಿಯುತ್ತದೆ. ಮೇಲಿನ ಸಾಲಿನಲ್ಲಿ ಕಾಲಂ ಹೆಸರು ಮಾತ್ರ. "ಜೂನ್ ತಿಂಗಳ ಲೆಕ್ಕ" ಅಂತ ಸೆಲ್ ಸೇರಿಸಿ ದಪ್ಪಕ್ಷರದಲ್ಲಿ ಬರೆದದ್ದನ್ನು ತೆಗೆದುಬಿಡಿ. ನಡುನಡುವೆ ಹಾಕಿದ "ಒಟ್ಟು" ಸಾಲನ್ನೂ ತೆಗೆಯಿರಿ, ಇಲ್ಲದಿದ್ದರೆ ವರದಿಯಲ್ಲಿ ಎಲ್ಲ ಎರಡೆರಡು ಸಲ ಲೆಕ್ಕವಾಗುತ್ತದೆ. ದುಡ್ಡು ಕೊಡದವರಿಗೆ ಹಳದಿ ಬಣ್ಣ ಹಾಕುವ ಅಭ್ಯಾಸ ಇದ್ದರೆ, ಬಣ್ಣ ವರದಿಗೆ ಕಾಣುವುದಿಲ್ಲ. "ಬಾಕಿ" ಅಂತ ಒಂದು ಕಾಲಂ ಮಾಡಿ.

ಪ್ರಶ್ನೆ: ಗಿರಾಕಿಗಳ ಪಟ್ಟಿಯನ್ನು ಸಿಎಸ್‌ವಿ ಟೆಕ್ಸ್ಟ್ ಫೈಲ್ ಮಾಡಿದರೆ ಕನ್ನಡ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ. ಯಾಕೆ?
– ಓದುಗರೊಬ್ಬರು, ಬಿಜೈ, ಮಂಗಳೂರು

ಉತ್ತರ: ಸೇವ್ ಆ್ಯಸ್ ಪಟ್ಟಿಯಲ್ಲಿ ಸಿಎಸ್‌ವಿ ಎರಡು ಮೂರು ಥರ ಇದೆ. "ಯುಟಿಎಫ್-8" ಅಂತ ಇರುವುದನ್ನೇ ಆರಿಸಿ. ಬರೀ ಸಿಎಸ್‌ವಿಯಲ್ಲಿ ಕನ್ನಡ ಅಕ್ಷರ ಉಳಿಯುವುದಿಲ್ಲ. ಒಮ್ಮೆ ಪ್ರಶ್ನಾರ್ಥಕ ಚಿಹ್ನೆಯಾಗಿ ಸೇವ್ ಆದರೆ ಆ ಫೈಲಿನಿಂದ ಹೆಸರು ವಾಪಸ್ ಬರುವುದಿಲ್ಲ. ಆದ್ದರಿಂದ ಮೂಲ ಎಕ್ಸೆಲ್ ಫೈಲನ್ನು ಯಾವತ್ತೂ ಅಳಿಸಬೇಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಫೈಲ್ ಆದಮೇಲೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಅಲ್ಲಿ ಹೆಸರು ಸರಿಯಾಗಿ ಕಂಡರೆ ವರದಿಗೆ ಕೊಡಿ.