ಹುರಿಗಡಲೆ ಹಾಕದೆ ಕೈಮಾ ಉಂಡೆ ಒಡೆಯದಂತೆ ಮಾಡೋದು ಹೇಗೆ? ಜೊತೆಗೆ ಹೂಕೋಸಿನ ಮ್ಯಾಶ್ (ಬೇಯಿಸಿ ಜಜ್ಜಿದ್ದು) ಗಟ್ಟಿಯಾಗಿ ಬರಬೇಕು

ಮನೆಯಲ್ಲಿ ಶುಗರ್ ಇರುವವರಿಗೆ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆಯಂಥದ್ದು) ಕಡಿಮೆ ಮಾಡೋಕೆ ಹುರಿಗಡಲೆ, ಬ್ರೆಡ್ ಎರಡೂ ಬಿಟ್ಟರೆ ಬೇರೆ ಯಾವ ಹಿಟ್ಟು ಹಾಕಬೇಕು, ಬಾದಾಮಿ ಹಿಟ್ಟಾ, ತೆಂಗಿನ ಹಿಟ್ಟಾ, ಇಸಬ್‌ಗೋಲಾ ಅಂತ ಕೇಳಿದ್ದೀರಿ. ಯಾವುದೂ ಬೇಡ ರೀ. ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ನಾನು ಒಂದು ಭಾನುವಾರದ ಊಟವನ್ನು ಪೂರ್ತಿ ಕೆಡಿಸಿದ್ದೇನೆ. ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ನಮ್ಮ ಮಾವ ಮಂಡ್ಯ ಕಡೆಯವರು. ಎರಡು ಹೊತ್ತೂ ಮುದ್ದೆ. ಸಕ್ಕರೆ ಕಾಯಿಲೆ ಬಂದ ಮೇಲೂ ಅದು ನಿಲ್ಲಲಿಲ್ಲ. ರಾಗಿ ಶುಗರಿಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರಲ್ಲ, ಆ ಮಾತನ್ನೇ ಹಿಡಿದುಕೊಂಡು ಅನ್ನ ಬಿಟ್ಟು ಇನ್ನೊಂದು ಮುದ್ದೆ ಜಾಸ್ತಿ ಮಾಡಿಕೊಂಡರು. ರಾಗಿಯಲ್ಲಿ ನಾರಿದೆ, ಕ್ಯಾಲ್ಸಿಯಂ ಇದೆ, ಎಲ್ಲ ನಿಜ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಕಾರ್ಬ್ ಸುಮಾರು 65ರಿಂದ 70 ಗ್ರಾಂ ಇರುತ್ತದೆ. ನಮ್ಮ ಕಡೆಯ ದೊಡ್ಡ ಮುದ್ದೆ ಒಂದಕ್ಕೆ ಹೆಚ್ಚುಕಡಿಮೆ ಅಷ್ಟು ಹಿಟ್ಟು ಹೋಗಿಬಿಡುತ್ತದೆ. ರಾತ್ರಿ ಹೊತ್ತಾದರೂ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದರು. ಮಾವ ಹೂಂ ಅಂದರು, ಮನೆಗೆ ಬಂದು ಮತ್ತೆ ಅದನ್ನೇ ಉಂಡರು.

ಆಗ ನನಗೆ ಹೊಳೆದದ್ದು ಕೈಮಾ ಉಂಡೆ. ಅವರಿಗೆ ಅದೆಂದರೆ ಪ್ರಾಣ. ಸ್ವೀಡನ್‌ನಲ್ಲಿ ಮಾಂಸದ ಉಂಡೆಗಳನ್ನು ಆಲೂಗಡ್ಡೆ ಮ್ಯಾಶ್ ಜೊತೆ ತಿನ್ನುತ್ತಾರೆ ಅಂತ ಗೊತ್ತಿತ್ತು. ಆಲೂಗಡ್ಡೆ ಜಾಗದಲ್ಲಿ ಹೂಕೋಸು ಹಾಕಿ, ಉಂಡೆ ಮಾತ್ರ ನಮ್ಮದೇ ಚಕ್ಕೆ ಲವಂಗ ಪುದೀನದ್ದು ಮಾಡಿದರೆ ಮುದ್ದೆಯ ನೆನಪು ಅಷ್ಟಾಗಿ ಬರಲಿಕ್ಕಿಲ್ಲ ಅಂದುಕೊಂಡೆ. ಲೆಕ್ಕವೂ ಸರಿಯಾಗಿತ್ತು. 100 ಗ್ರಾಂ ಆಲೂಗಡ್ಡೆಯಲ್ಲಿ ಸುಮಾರು 17 ಗ್ರಾಂ ಕಾರ್ಬ್, ಅಷ್ಟೇ ಹೂಕೋಸಿನಲ್ಲಿ ಬರೀ 5 ಗ್ರಾಂ, ಅದರಲ್ಲೂ 2 ಗ್ರಾಂ ನಾರು.

ಲೆಕ್ಕ ಸರಿಯಿತ್ತು, ಕೈ ಸರಿಯಿರಲಿಲ್ಲ. ಮಟನ್ ಅಂಗಡಿಯಿಂದ ಕೈಮಾ ತಂದವಳೇ ಜಾಲರಿಗೆ ಸುರಿದು ನಲ್ಲಿ ಕೆಳಗೆ ಹಿಡಿದು ತೊಳೆದೆ. ಕೆಂಪು ನೀರು ಹೋಗಿ ತಿಳಿ ನೀರು ಬರುವವರೆಗೂ ತೊಳೆದೆ. ನಮ್ಮ ಅಮ್ಮ ಮಟನ್ ತುಂಡನ್ನು ಹಾಗೇ ತೊಳೆಯುತ್ತಿದ್ದರು, ನಾನೂ ಅದನ್ನೇ ಕಲಿತವಳು. ತುಂಡಾದರೆ ಪರವಾಗಿಲ್ಲ, ನೀರು ಮೇಲಿಂದ ಜಾರಿ ಹೋಗುತ್ತದೆ. ಕೈಮಾದ್ದು ಬೇರೆಯೇ ಕಥೆ. ಅಷ್ಟು ಸಣ್ಣಗೆ ಕೊಚ್ಚಿದ ಮಾಂಸದ ಚೂರು ಚೂರಿನ ಸಂದಿಯಲ್ಲೂ ನೀರು ಕೂತುಬಿಡುತ್ತದೆ, ಎಷ್ಟು ಹಿಂಡಿದರೂ ಪೂರ್ತಿ ಬರುವುದಿಲ್ಲ. ನಾನು ಮುಷ್ಟಿಯಲ್ಲಿ ಹಿಂಡಿ ಹಿಂಡಿ ಆಯಿತು ಅಂದುಕೊಂಡೆ. ಕೈಗೆ ಸಿಕ್ಕಿದ್ದು ಬಣ್ಣಗೆಟ್ಟು, ಜಾರುವ ಮುದ್ದೆ. ಅದರ ಮೇಲೆ ಹಸಿ ಈರುಳ್ಳಿ ಹೆಚ್ಚಿ ಹಾಕಿದೆ, ಆಗ ತಾನೇ ತೊಳೆದ ಕೊತ್ತಂಬರಿ ಪುದೀನವನ್ನು ಒರೆಸದೆ ಹಾಕಿದೆ. ಉಪ್ಪು ಬೀಳುತ್ತಿದ್ದ ಹಾಗೆ ಈರುಳ್ಳಿಯೂ ನೀರು ಬಿಟ್ಟಿತು. ಅಂಟಲಿಲ್ಲ ಅಂತ ಬಾದಾಮಿ ಹಿಟ್ಟು ಹಾಕಿದೆ, ಸಾಲಲಿಲ್ಲ ಅಂತ ಮೊಟ್ಟೆ ಒಡೆದೆ, ತೆಳ್ಳಗಾಯಿತು ಅಂತ ಮತ್ತೆ ಹಿಟ್ಟು. ಹೀಗೆ ಸೇರಿಸುತ್ತಾ ಹೋದೆನೇ ಹೊರತು ಒಳಗಿರೋ ನೀರನ್ನು ತೆಗೆಯಬೇಕು ಅಂತ ಹೊಳೆಯಲೇ ಇಲ್ಲ.

ಕುದಿಯುವ ಸಾರಿಗೆ ಬಿಟ್ಟೆ. ಮೊದಲು ಅಂಚು ಬಿಟ್ಟುಕೊಂಡವು. ಗಾಬರಿಯಾಗಿ ಸೌಟು ಹಾಕಿ ತಿರುವಿದೆ. ಎಲ್ಲ ಕರಗಿ ಸಾರೇ ಆಯಿತು. ಹೂಕೋಸನ್ನು ಕುಕ್ಕರಿನಲ್ಲಿ ನೀರು ಹಾಕಿ ಕೂಗಿಸಿದ್ದೆ. ಅದನ್ನು ಮಿಕ್ಸಿಗೆ ಹಾಕಿದಾಗ ಗಂಜಿಯ ಹಾಗೆ ಹರಿಯಿತು. ಮಾವ ಒಂದೂ ಕೆಟ್ಟ ಮಾತಾಡಲಿಲ್ಲ. ಎರಡು ತುತ್ತು ತಿಂದು, ಮುದ್ದೆ ಏನಾದ್ರೂ ಇದೆಯಾ ಅಂತ ಅತ್ತೆಯನ್ನು ಕೇಳಿದರು. ಅತ್ತೆ ಎದ್ದು ಹಿಟ್ಟು ತೊಳಸಿದರು.

ನಷ್ಟ ಅಂದರೆ ಅರ್ಧ ಕೇಜಿ ಕೈಮಾದ ದುಡ್ಡಲ್ಲ. ಆಮೇಲೆ ಎಷ್ಟೋ ತಿಂಗಳು, ಕಾರ್ಬ್ ಕಡಿಮೆ ಊಟ ಅಂದರೆ ಸಾಕು, ಅವರು ತಟ್ಟೆಯ ಮುಂದೆ ಕೂರುತ್ತಲೇ ಇರಲಿಲ್ಲ. ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ, ಅದೇ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದಲ್ಲ, ಅದು ಇನ್ನೂ ಏರಿತ್ತು. ಮೊದಲ ಊಟ ರುಚಿಯಾಗಿದ್ದಿದ್ದರೆ ಆ ತಿಂಗಳುಗಳು ಹಾಗೆ ಹೋಗುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ನೀವೂ ಮನೆಯಲ್ಲಿ ಶುಗರ್ ಇರುವವರಿಗೆ ಅಂತ ಬರೆದಿದ್ದೀರಿ. ದಯವಿಟ್ಟು ಮೊದಲ ಸಲ ನಿಮ್ಮ ಪಾಡಿಗೆ ಒಂದೆರಡು ಉಂಡೆ ಮಾಡಿ ನೋಡಿಕೊಳ್ಳಿ, ಆಮೇಲೆ ಅವರ ತಟ್ಟೆಗೆ ಬಡಿಸಿ.

ಈಗ ಉಂಡೆ. ಕೈಮಾ ತೊಳೆಯಬೇಡಿ. ತೊಳೆಯದೆ ಮನಸ್ಸು ಒಪ್ಪದಿದ್ದರೆ ಅಂಗಡಿಯಲ್ಲೇ ತುಂಡನ್ನು ತೊಳೆಸಿ, ಬಟ್ಟೆಯಲ್ಲಿ ಒರೆಸಿಸಿ, ಆಮೇಲೆ ಕೊಚ್ಚಿಸಿ. ಹಸಿ ಮಾಂಸ ತೊಳೆದರೆ ಕ್ರಿಮಿ ಹೋಗುವುದಿಲ್ಲ, ಸಿಂಕಿಗೂ ಪಕ್ಕದ ಪಾತ್ರೆಗೂ ಸಿಡಿಯುತ್ತದೆ ಅಷ್ಟೆ. ಕ್ರಿಮಿ ಸಾಯುವುದು ಬೆಂದಾಗ. ಸ್ವಲ್ಪ ನೆಣ ಇರಲಿ ಅಂತ ಕೇಳಿ ಹಾಕಿಸಿಕೊಳ್ಳಿ, ಐದರಲ್ಲಿ ಒಂದು ಪಾಲು ಇದ್ದರೆ ಚೆನ್ನ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಬ್ರೆಡ್ ಆಗಲಿ ಹುರಿಗಡಲೆ ಆಗಲಿ ಉಂಡೆಯನ್ನು ಹಿಡಿದಿಡುವುದಕ್ಕಿಂತ ಜಾಸ್ತಿ ಮೆತ್ತಗಿಡುವ ಕೆಲಸ ಮಾಡುತ್ತವೆ. ಹಿಟ್ಟು ರಸವನ್ನು ಹೀರಿ ಇಟ್ಟುಕೊಳ್ಳುತ್ತದೆ, ಮಾಂಸದ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಳ್ಳದಂತೆ ನಡುವೆ ನಿಲ್ಲುತ್ತದೆ. ಅದನ್ನು ತೆಗೆದ ಮೇಲೆ ಮೆತ್ತಗಿಡೋಕೆ ನೆಣ ಬೇಕೇ ಬೇಕು. ಬರೀ ಕೆಂಪು ಮಾಂಸದಲ್ಲಿ ಮಾಡಿದರೆ ಒಡೆಯುವುದಿಲ್ಲ, ಆದರೆ ರಬ್ಬರ್ ಚೆಂಡಾಗುತ್ತದೆ.

ಹಿಡಿದಿಡುವುದು ಉಪ್ಪು. ಅರ್ಧ ಕೇಜಿ ಕೈಮಾಗೆ 7–8 ಗ್ರಾಂ, ಅಂದರೆ ಟೀ ಚಮಚದಲ್ಲಿ ತುಸು ಮೇಲಕ್ಕೆ ತುಂಬಿ ಒಂದು. ಮಾಂಸದಲ್ಲಿ ಮಯೋಸಿನ್ ಅನ್ನುವ ಪ್ರೋಟೀನ್ ಇದೆ, ಉಪ್ಪು ಬಿದ್ದು ಕಲಸಿದಾಗ ಅದು ಕರಗಿ ಹೊರಗೆ ಬಂದು ಅಂಟಾಗುತ್ತದೆ, ಬೆಂದಾಗ ಗಟ್ಟಿಯಾಗಿ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ನೀರು ಜಾಸ್ತಿ ಇದ್ದರೆ ಆ ಅಂಟು ತೆಳ್ಳಗಾಗಿ ಕೈಕೊಡುತ್ತದೆ. ಅದಕ್ಕೇ ಕೈಮಾಗೆ ಮೊದಲು ಉಪ್ಪು ಮಾತ್ರ ಹಾಕಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ತಣ್ಣಗಿರುವಾಗಲೇ ತೆಗೆದು ಬೆರಳಲ್ಲಿ ಒಂದೆರಡು ನಿಮಿಷ ನಾದಿ. ತಣ್ಣಗಿರಲೇಬೇಕು, ಇಲ್ಲದಿದ್ದರೆ ಕೈಯ ಬಿಸಿಗೆ ನೆಣ ಕರಗಿ ಜಿಡ್ಡಾಗುತ್ತದೆ. ಹದ ಗೊತ್ತಾಗುವುದು ಹೀಗೆ: ಮೊದಲು ಬಿಡಿಬಿಡಿ ಇದ್ದದ್ದು ಬೆರಳಿಗೆ ಎಳೆ ಎಳೆಯಾಗಿ ಅಂಟುತ್ತದೆ, ಪಾತ್ರೆಯ ಅಂಚು ಬಿಟ್ಟು ಒಟ್ಟಾಗಿ ಬರುತ್ತದೆ. ಒಂದು ಚಿಕ್ಕ ತುಣುಕನ್ನು ಅಂಗೈಗೆ ಒತ್ತಿ ಕೈ ಮಗುಚಿ, ಬೀಳಬಾರದು. ಅಲ್ಲಿಗೆ ನಿಲ್ಲಿಸಿ. ಇನ್ನೂ ನಾದಿದರೆ ಗಟ್ಟಿಯಾಗುತ್ತದೆ.

ಮಸಾಲೆ ಆಮೇಲೆ. ಈರುಳ್ಳಿಯನ್ನು ಕೆಂಪಗೆ ಹುರಿದು ಆರಿಸಿ ಹಾಕಿ. ಸೊಪ್ಪನ್ನು ತೊಳೆದು ಬಟ್ಟೆಯ ಮೇಲೆ ಹರಡಿ ಒಣಗಿಸಿ ಹೆಚ್ಚಿ. ಶುಂಠಿ ಬೆಳ್ಳುಳ್ಳಿ ಹಸಿಮೆಣಸನ್ನು ಕುಟ್ಟಿ ಹಾಕಿ, ಮಿಕ್ಸಿಯಲ್ಲಿ ನೀರು ಹಾಕಿ ರುಬ್ಬಬೇಡಿ. ಚಕ್ಕೆ ಲವಂಗದ ಪುಡಿ, ಬೇಕಿದ್ದರೆ ಒಂದು ಚಮಚ ಒಣಕೊಬ್ಬರಿ ಪುಡಿ. ಮೊಟ್ಟೆ ಬೇಡ. ನಿಂಬೆಹಣ್ಣಿನ ಗಾತ್ರಕ್ಕಿಂತ ದೊಡ್ಡದು ಮಾಡಬೇಡಿ.

ಮ್ಯಾಶ್ ಜೊತೆ ತಿನ್ನೋದಾದರೆ ನಾನು ಉಂಡೆಯನ್ನು ಮೊದಲು ಬಾಣಲೆಯಲ್ಲಿ ಸ್ವಲ್ಪ ಎಣ್ಣೆಯಲ್ಲಿ ನಾಲ್ಕೂ ಕಡೆ ಕೆಂಪಗೆ ಮಾಡಿ ಆಮೇಲೆ ಗಟ್ಟಿ ಮಸಾಲೆಗೆ ಬಿಡುತ್ತೇನೆ. ಹಳೇ ಪದ್ಧತಿಯಲ್ಲಿ ಹಸಿಯಾಗೇ ಸಾರಿಗೆ ಬಿಡುತ್ತಾರೆ, ಅದೂ ಸರಿಯೇ. ಹಾಗೆ ಬಿಡುವುದಾದರೆ ಸಾರು ಕುದಿಯುತ್ತಿರಲಿ, ಒಂದೊಂದಾಗಿ ಬಿಡಿ, ಉರಿ ಸಣ್ಣ ಮಾಡಿ, ಏಳೆಂಟು ನಿಮಿಷ ಸೌಟು ಮುಟ್ಟಲೇಬೇಡಿ. ತಿರುವಬೇಕು ಅನ್ನಿಸಿದರೆ ಪಾತ್ರೆಯ ಕಿವಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಅಡುಗೆ ಥರ್ಮಾಮೀಟರ್ ಇದ್ದರೆ ಉಂಡೆಯ ನಡುವೆ 71 ಡಿಗ್ರಿ ಸೆಲ್ಸಿಯಸ್ ಬಂದರೆ ಬೆಂದ ಹಾಗೆ. ಇಲ್ಲದಿದ್ದರೆ ಒಂದನ್ನು ಕತ್ತರಿಸಿ ನೋಡಿ.

ಮ್ಯಾಶ್ ವಿಷಯಕ್ಕೆ ಬರೋಣ. ಹೂಕೋಸಿನಲ್ಲಿ ನೂರಕ್ಕೆ 92 ಪಾಲು ನೀರೇ ಇದೆ. ಅದನ್ನು ಮತ್ತೆ ನೀರಲ್ಲಿ ಬೇಯಿಸಿದರೆ ಇನ್ನೇನಾಗುತ್ತದೆ ಹೇಳಿ. ನಿಮ್ಮನೆಯಲ್ಲಿ ಇಡ್ಲಿ ಪಾತ್ರೆ ಇದೆ ಅಲ್ವಾ, ಅದೇ ಸಾಕು. ಹುಳು ಇರಬಹುದು ಅಂತ ಅರಿಸಿನ ಉಪ್ಪಿನ ಬಿಸಿನೀರಲ್ಲಿ ಹಾಕುತ್ತೀರಿ, ಹಾಕಿ, ಆದರೆ ದೊಡ್ಡ ತುಂಡಾಗಿರುವಾಗಲೇ ಹಾಕಿ ಸೋಸಿ ಬಟ್ಟೆಯ ಮೇಲೆ ಮಗುಚಿಡಿ. ಆಮೇಲೆ ಹಬೆಯಲ್ಲಿ 12–15 ನಿಮಿಷ. ಚಾಕು ಚುಚ್ಚಿದರೆ ದಂಟಿಗೂ ಸಲೀಸಾಗಿ ಇಳಿಯಬೇಕು, ದಂಟು ಬೇಯದಿದ್ದರೆ ಮ್ಯಾಶ್ ತರಿತರಿಯಾಗುತ್ತದೆ. ಬೆಂದ ಮೇಲೆ ಅಗಲ ಬಾಣಲೆಗೆ ಹಾಕಿ, ಎಣ್ಣೆ ಏನೂ ಬೇಡ, ಸೌಟಿನಲ್ಲಿ ಜಜ್ಜುತ್ತಾ ಸಣ್ಣ ಉರಿಯಲ್ಲಿ ಒಣಗಿಸಿ. ಮೊದಲು ಆವಿ ದಟ್ಟವಾಗಿ ಏಳುತ್ತದೆ, ತಳದಲ್ಲಿ ನೀರು ಚುಯ್ ಅನ್ನುತ್ತದೆ. ಆ ಸದ್ದು ನಿಂತು, ಸೌಟು ಎಳೆದ ದಾರಿ ಮುಚ್ಚಿಕೊಳ್ಳದೆ ಹಾಗೇ ಉಳಿದರೆ ಆಯಿತು. ಆತುರ ಇದ್ದರೆ ತೆಳು ಪಂಚೆ ಬಟ್ಟೆಯಲ್ಲಿ ಹಾಕಿ ಹಿಂಡಬಹುದು. ಎಷ್ಟು ನೀರು ಬರುತ್ತದೆ ನೋಡಿದರೆ ನೀವೇ ನಂಬುವುದಿಲ್ಲ.

ಆಮೇಲೆ ಬೆಣ್ಣೆ, ಹುರಿದ ಬೆಳ್ಳುಳ್ಳಿ, ಕರಿಮೆಣಸು. ಹಾಲು ಹಾಕಬೇಡಿ. ಇನ್ನೂ ಗಟ್ಟಿ ಬೇಕಾದರೆ ಸ್ವಲ್ಪ ಪನೀರ್ ತುರಿದು ಸೇರಿಸಿ. ಈ ಹಂತದಲ್ಲಿ ಮಿಕ್ಸಿಗೆ ಹಾಕಿದರೂ ಏನೂ ಆಗುವುದಿಲ್ಲ. ಆಲೂಗಡ್ಡೆಯನ್ನು ಮಿಕ್ಸಿಗೆ ಹಾಕಿದರೆ ಪಿಷ್ಟ ಬಿಟ್ಟುಕೊಂಡು ಗೋಂದಾಗುತ್ತದೆ, ಹೂಕೋಸಿನಲ್ಲಿ ಆ ಭಯ ಇಲ್ಲ. ಹೂಕೋಸಿನ ವಾಸನೆ ಆಗದವರಿಗೆ ನವಿಲುಕೋಸು ಆಗುತ್ತದೆ, ಸಿಪ್ಪೆ ದಪ್ಪಗೆ ತೆಗೆದು ಇದೇ ಥರ ಮಾಡಿ. ಸೋರೆಕಾಯಿಯ ಗೊಡವೆಗೆ ಹೋಗಬೇಡಿ, ನೀರು ಮುಗಿಯುವುದೇ ಇಲ್ಲ. ಸುವರ್ಣಗೆಡ್ಡೆ ಮ್ಯಾಶ್ ರುಚಿ ನಿಜ, ಆದರೆ ಅದು ಗೆಡ್ಡೆ, ಅದರಲ್ಲಿ ಕಾರ್ಬ್ ಇದೆ.

ಇನ್ನೊಂದು ಮಾತು. ಹುರಿಗಡಲೆಗೆ ನೀವು ಇಷ್ಟು ಹೆದರಬೇಕಾಗಿಲ್ಲ. ಅರ್ಧ ಕೇಜಿಗೆ ಎರಡು ದೊಡ್ಡ ಚಮಚ ಪುಡಿ ಅಂದರೆ 20 ಗ್ರಾಂ, ಅದರಲ್ಲಿ ಕಾರ್ಬ್ 10–12 ಗ್ರಾಂ, ನಾಲ್ಕು ಜನಕ್ಕೆ ಹಂಚಿದರೆ ಒಬ್ಬರಿಗೆ 3 ಗ್ರಾಂ ಅಷ್ಟೆ. ತಟ್ಟೆಯಲ್ಲಿ ಪಕ್ಕಕ್ಕೆ ಏನು ಕೂರುತ್ತದೆ ಅನ್ನುವುದೇ ಮುಖ್ಯ. ಹುರಿಗಡಲೆ ತೆಗೆದು, ಉಂಡೆ ಕೆಡಿಸಿ, ಕೊನೆಗೆ ಅವರು ಮುದ್ದೆ ಕೇಳುವ ಹಾಗೆ ಮಾಡುವುದಕ್ಕಿಂತ ಎರಡು ಚಮಚ ಹಾಕುವುದೇ ವಾಸಿ. ನಾನು ಈಗ ಹಾಕುವುದಿಲ್ಲ, ಬೇಕು ಅನ್ನಿಸುವುದೂ ಇಲ್ಲ. ನಿಮ್ಮ ಕೈ ಹದಕ್ಕೆ ಬರುವ ತನಕ ಹಾಕಿಕೊಳ್ಳಿ.

ಮಾವ ಈಗ ತಿನ್ನುತ್ತಾರೆ. ಮ್ಯಾಶ್ ಅಂದರೆ ಬೇಡ ಅನ್ನುತ್ತಾರೆ ಅಂತ ಅತ್ತೆ ಅದನ್ನು ಒದ್ದೆ ಬಟ್ಟಲಿಗೆ ಹಾಕಿ ತಿರುಗಿಸಿ ದುಂಡಗೆ ಮಾಡಿ ಇಟ್ಟರು, ಮೇಲೆ ತುಪ್ಪ, ಪಕ್ಕದಲ್ಲಿ ಉಂಡೆ ಸಾರು. ಮಧ್ಯಾಹ್ನ ಚಿಕ್ಕ ಮುದ್ದೆ ಇದ್ದೇ ಇದೆ, ಅದನ್ನು ಕಸಿದುಕೊಳ್ಳಲು ಯಾರೂ ಹೋಗಿಲ್ಲ.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಊಟ ಬದಲಿಸುವ ಮೊದಲು ಡಾಕ್ಟರಿಗೆ ಹೇಳಲೇಬೇಕು. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಅನ್ನ ಮುದ್ದೆ ಏಕಾಏಕಿ ಬಿಟ್ಟರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು, ರಾತ್ರಿ ಹೊತ್ತು ಅದು ಅಪಾಯ. ಮಾತ್ರೆಯ ಪ್ರಮಾಣ ಬದಲಿಸಬೇಕಾ ಅಂತ ಅವರೇ ಹೇಳುತ್ತಾರೆ. ಕಿಡ್ನಿ ತೊಂದರೆ ಇದ್ದರೆ ಎಷ್ಟು ಮಾಂಸ ತಿನ್ನಬಹುದು ಅಂತಲೂ ಕೇಳಿಕೊಳ್ಳಿ.

ಉಂಡೆ ಮಿಕ್ಕಿದರೆ ಸಾರಿನಲ್ಲೇ ಫ್ರಿಜ್ಜಿಗೆ ಇಡಿ, ಮಾರನೇ ದಿನ ಇನ್ನೂ ರುಚಿ. ಮ್ಯಾಶ್ ಮಾತ್ರ ರಾತ್ರಿಯೆಲ್ಲಾ ಇದ್ದರೆ ಮತ್ತೆ ಸ್ವಲ್ಪ ನೀರು ಬಿಡುತ್ತದೆ, ಬಿಸಿ ಮಾಡುವಾಗ ಬಾಣಲೆಯಲ್ಲಿ ಇನ್ನೊಮ್ಮೆ ಒಣಗಿಸಿಕೊಳ್ಳಿ.